ಯೋಗರಾಜನ ಗಿಟಾರು ಮತ್ತು ಬಲಮೊಳೆಯ ಸ್ಕೇಲು

ಯೋಗರಾಜ ಮಾಡಿದ ಮಂಚದ ಮೇಲೆ ಅಂಗಡಿಯಿಂದ ತಂದ ಹಾಸಿಗೆ ಹಾಕಿದರೆ ಕಾಲಿನ ಕಡೆ ಒಂದು ಬೆರಳು ಹಿಡಿಸುವಷ್ಟು ಸಂದು ಉಳಿಯುತ್ತದೆ. ಆ ಸಂದಿಗೆ ಅವನ ಹೆಂಡತಿ ಸಂಧ್ಯಾ ಹಳೆಯ ಬೆಡ್‌ಶೀಟೊಂದನ್ನು ಮಡಚಿ ತುರುಕಿರುತ್ತಿದ್ದಳು. ಭದ್ರಾವತಿಯ ನ್ಯೂಟೌನಿನ ಅವರ ಮನೆಗೆ ನಾನು ಹೋದಾಗಲೆಲ್ಲ ಇದರ ಜಗಳ ಒಂದು ಸುತ್ತು ಆಗಲೇಬೇಕು.

"ಆರಡಿ ಹಾಸಿಗೆ ಅಂತಾರೆ, ಬಟ್ಟೆ ಉಳಿಸ್ತಾರೆ ಮೇಷ್ಟ್ರೇ. ಕಳ್ಳರು," ಎಂದು ಯೋಗರಾಜ.

"ಮೂರು ಅಂಗಡಿಯವ್ರೂ ಅಷ್ಟಷ್ಟೇ ಕದೀತಾರಾ?" ಎಂದು ಅಡುಗೆಮನೆಯಿಂದ ಸಂಧ್ಯಾ.

"ಸಂಘ ಮಾಡ್ಕೊಂಡಿರ್ತಾರೆ ಮಾರಾಯ್ತಿ."

ಕಳೆದ ಕಾರ್ತಿಕದಲ್ಲಿ ಯೋಗರಾಜ ತೀರಿಕೊಂಡ. ಅವನ ಬಗ್ಗೆ ಬರೆಯಲು ಕೂತರೆ ಮೊದಲು ನೆನಪಾಗುವುದು ಈ ಸಂದು. ಯಾಕೆಂದು ಹೇಳುತ್ತೇನೆ.

ಅವನ ಅಪ್ಪ ಸೇಲಂ ಕಡೆಯಿಂದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಕೆಲಸಕ್ಕೆ ಬಂದವರು. ಯೋಗರಾಜ ಹುಟ್ಟಿದ್ದು ಕ್ವಾರ್ಟರ್ಸಿನಲ್ಲಿ. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ, ಜಗಳಕ್ಕೆ ತೆಲುಗು. ಮೂರೂ ಅವನಿಗೆ ಸಲೀಸು. ಐಟಿಐ ಮುಗಿಸಿ ಅದೇ ಕಾರ್ಖಾನೆಯ ಪ್ಯಾಟರ್ನ್ ಶಾಪಿಗೆ ಸೇರಿದ. ಎರಕ ಹೊಯ್ಯುವ ಮೊದಲು ಮರಳಿನಲ್ಲಿ ಒತ್ತಲು ಒಂದು ಮರದ ಮಾದರಿ ಬೇಕು. ಅದನ್ನು ಮಾಡುವ ಬಡಗಿಗಳ ಜಾಗ ಅದು. ಸುತ್ತ ಬೆಂಕಿ, ಹೊಗೆ, ಕರಗಿದ ಲೋಹ. ನಡುವೆ ಇವರದೊಂದು ಶೆಡ್ಡು, ಒಳಗೆ ಹೋದರೆ ಸಾಗುವಾನಿಯ ಪರಿಮಳ.

ನಾನು ಶಿವಮೊಗ್ಗದ ಹೊಸಮನೆಯವನು. ಆಗ ನ್ಯೂಟೌನಿನ ಪ್ರೌಢಶಾಲೆಯೊಂದರಲ್ಲಿ ಕನ್ನಡ ಮೇಷ್ಟ್ರಾಗಿದ್ದೆ, ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಯೋಗರಾಜ ಮತ್ತವನ ಗೆಳೆಯರು ಆರ್ಕೆಸ್ಟ್ರಾ ಕಟ್ಟಿ ಅಭ್ಯಾಸಕ್ಕೆ ಜಾಗ ಹುಡುಕುತ್ತಿದ್ದರು. ಶಾಲೆಯ ಹಿಂದಿನ ಕೊಠಡಿಯ ಬೀಗದಕೈ ನನ್ನ ಬಳಿ ಇತ್ತು. ನಮ್ಮ ಸ್ನೇಹ ಶುರುವಾದದ್ದು ಹೀಗೆ. ಭಾನುವಾರ ಕೂಡ ನಾನು ಭದ್ರಾವತಿಗೆ ಹೊರಡುವುದು ನೋಡಿ ನಮ್ಮಮ್ಮ, "ಅಲ್ಲೇ ಒಂದ್ ಮನೆ ಮಾಡ್ಕೊಂಡ್ಬಿಡು" ಎನ್ನುತ್ತಿದ್ದರು.

ಅವನ ಎಲೆಕ್ಟ್ರಿಕ್ ಗಿಟಾರು ಕಲ್ಕತ್ತದಲ್ಲಿ ತಯಾರಾದದ್ದು. ಅವನ ಕೈಗೆ ಬರುವಾಗಲೇ ಹಳೆಯದು. ನಡುವೆ ಜೇನಿನ ಬಣ್ಣ, ಅಂಚಿಗೆ ಬಂದಂತೆ ಕಡುಗೆಂಪು. ಬಲಗೈ ಒರಗುವ ಕಡೆ ಬಣ್ಣ ಸವೆದು ಬರಿ ಮರ ಕಾಣುತ್ತಿತ್ತು. ಗಣಪತಿ ಪೆಂಡಾಲುಗಳಲ್ಲಿ, ಮದುವೆ ಆರತಕ್ಷತೆಗಳಲ್ಲಿ ಅದನ್ನು ನೇತುಹಾಕಿಕೊಂಡು ನಿಂತರೆ ಅವನು ಬೇರೆಯೇ ಮನುಷ್ಯ. ಹಾಗಂತ ದೊಡ್ಡ ಕಲಾವಿದನೇನಲ್ಲ. ಅದನ್ನು ಅವನೇ ಹೇಳುತ್ತಿದ್ದ: "ನಂದು ಹಿಂದೆ ನಿಂತು ಹಿಡ್ಕೊಳೋ ಕೆಲ್ಸ ಮೇಷ್ಟ್ರೇ. ಹಾಡೋರು ಬೀಳ್ದಂಗೆ."

ಅವನು ಬೀಳದಂತೆ ಹಿಡಿದದ್ದು ಮುಖ್ಯವಾಗಿ ಸಂಧ್ಯಾಳನ್ನು. ಅವಳು ಕಾಗದದ ಕಾರ್ಖಾನೆಯ ಫೋರ್‌ಮನ್ನರ ಮಗಳು, ಆರ್ಕೆಸ್ಟ್ರಾದ ಗಾಯಕಿ. ಅವಳ ದನಿ ಎತ್ತರದ್ದು, ತೆಳ್ಳನೆಯದು. ಮೈಕ್ ಕೈಕೊಟ್ಟರೂ ಪೆಂಡಾಲಿನ ಕೊನೆಯ ಕುರ್ಚಿಗೆ ತಲುಪುತ್ತಿತ್ತು. ಅವಳು ಹಾಡು ಮುಗಿಸಿ ಕೂತ ಮೇಲೂ ಇವನು ಬಾರಿಸುತ್ತಲೇ ಇರುತ್ತಿದ್ದುದನ್ನು ಕಂಡು ಡ್ರಮ್ಮಿನವನಿಗೆ ಮೊದಲು ಗೊತ್ತಾಯಿತು. ಆಮೇಲೆ ನ್ಯೂಟೌನಿಗೆಲ್ಲ. ಭಾಷೆ ಬೇರೆ, ಜಾತಿ ಬೇರೆ ಎಂದು ಎರಡೂ ಮನೆಯವರು ಬಹಳ ದಿನ ಮುಖ ಊದಿಸಿಕೊಂಡಿದ್ದು ಕೊನೆಗೆ ಒಪ್ಪಿದರು. ಮದುವೆಯಲ್ಲಿ ಮದುಮಗಳೇ ಹಾಡಿದಳು, ಮದುಮಗ ಬಾಸಿಂಗ ಕಟ್ಟಿಕೊಂಡೇ ಗಿಟಾರು ಬಾರಿಸಿದ. ಅವನ ಅತ್ತೆ ನಾಚಿಕೆಯಿಂದ ಅಡುಗೆಯವರ ಕಡೆ ಹೋಗಿ ನಿಂತಿದ್ದರು.

ಒಂದು ಆಯುಧಪೂಜೆಗೆ ಅವನು ನನ್ನನ್ನು ಪ್ಯಾಟರ್ನ್ ಶಾಪಿಗೆ ಕರೆದುಕೊಂಡು ಹೋಗಿದ್ದ. ಆ ದಿನ ಕಾರ್ಖಾನೆ ಮನೆಯವರಿಗೂ ನೆಂಟರಿಗೂ ತೆರೆದಿರುತ್ತಿತ್ತು. ಅವನ ಬೆಂಚಿನ ಮೇಲಿನ ಗೋಡೆಯಲ್ಲಿ ಎರಡು ಮೊಳೆ, ಎರಡರಲ್ಲೂ ಒಂದೊಂದು ಉಕ್ಕಿನ ಸ್ಕೇಲು. ನೋಡಲು ಅವಳಿ ಜವಳಿ.

"ಎರಡ್ಯಾಕೆ?" ಎಂದೆ.

"ಒಂದೇ ಥರ ಕಾಣುತ್ತೆ ಅಷ್ಟೆ. ಕಬ್ಬಿಣ ಕಾದಾಗ ಹಿಗ್ಗಿರುತ್ತೆ, ಆರ್ದಾಗ ಕುಗ್ಗುತ್ತೆ. ಅದಕ್ಕೆ ನಾವ್ ಮಾಡೋ ಮರದ್ದು ಒಂಚೂರು ದೊಡ್ಡದಿರ್ಬೇಕು. ಪ್ರತಿ ಸಲ ಲೆಕ್ಕ ಹಾಕ್ತಾ ಕೂತ್ರೆ ಆಗುತ್ತಾ? ಅದಕ್ಕೆ ಈ ಸ್ಕೇಲಲ್ಲಿ ಇಂಚೇ ಒಂದ್ ಕೂದ್ಲು ದೊಡ್ಡದಾಗಿ ಗೀರಿರ್ತಾರೆ. ಅಡಿಗೆ ಒಂದ್ ನೂಲಷ್ಟು ಹೆಚ್ಚು."

"ಗುರುತು ಹೇಗೆ ಹಿಡೀತಿ?"

"ಮೂಲೇಲಿ ಅಕ್ಷರ ಒತ್ತಿತ್ತು, ಸವ್ದೋಯ್ತು. ಈಗ ಮೊಳೆನೇ ಗುರುತು. ಬಲಗಡೆ ಮೊಳೇದು ಕಬ್ಬಿಣಕ್ಕೆ, ಎಡಗಡೇದು ಮನುಷ್ಯರಿಗೆ," ಎಂದು ನಕ್ಕ. ಎರಡಕ್ಕೂ ಅರಿಶಿನ ಕುಂಕುಮ ಇಟ್ಟು ನನ್ನ ಕೈಗೆ ಮಂಡಕ್ಕಿ ಕೊಟ್ಟ.

ಕೀಬೋರ್ಡು ಬಂದ ಮೇಲೆ ಆರ್ಕೆಸ್ಟ್ರಾದಲ್ಲಿ ಗಿಟಾರಿಗೆ ಕೆಲಸ ಕಡಿಮೆಯಾಯಿತು. ಆಮೇಲೆ ಆರ್ಕೆಸ್ಟ್ರಾಕ್ಕೇ ಕೆಲಸ ಇಲ್ಲದಂತಾಯಿತು. ಗಿಟಾರು ಅಟ್ಟ ಸೇರಿತು. ಸಂಧ್ಯಾ ಮಾತ್ರ ಹಾಡು ಬಿಡಲಿಲ್ಲ. ಪಾತ್ರೆ ತೊಳೆಯುವಾಗ, ಬಟ್ಟೆ ಒಣಹಾಕುವಾಗ, ಮಗಳಿಗೆ ಜಡೆ ಹಾಕುವಾಗ ಹಾಡುತ್ತಿದ್ದಳು. ಯೋಗರಾಜ ಕೆಲಸದಿಂದ ಬಂದರೆ ಮೊದಲು ಗೇಟಿನ ಹತ್ತಿರ ಒಂದು ನಿಮಿಷ ನಿಂತು, ಆಮೇಲೆ ಒಳಗೆ ಬರುತ್ತಿದ್ದ. ಬ್ಯಾಂಡ್‌ಸಾ ಗರಗಸದ ಪಕ್ಕ ಬಾಳೆಲ್ಲ ನಿಂತು ಅವನ ಕಿವಿ ಮಂದವಾಗಿತ್ತು. ಅವಳ ದನಿ ಎತ್ತರದ್ದಾದ್ದರಿಂದ ಕೇಳುತ್ತೆ ಎಂದು ಅವನ ವಾದ. "ನಿಮ್ ದನಿ ಕೇಳಲ್ಲ ಮೇಷ್ಟ್ರೇ, ನೀವು ಬರ್ದು ತೋರ್ಸಿ."

ನಿವೃತ್ತಿಯ ದಿನ ಶಾಪಿನ ಗೆಳೆಯರು ಅವನ ಉಳಿ, ಹತ್ತರಿ, ಸ್ಕೇಲನ್ನೆಲ್ಲ ಒಂದು ಪೆಟ್ಟಿಗೆಗೆ ತುಂಬಿ, ಹಾರ ಹಾಕಿ, ಆಟೋದಲ್ಲಿ ಮನೆಗೆ ಬಿಟ್ಟರು. ಅವನು ಆ ಹತಾರಗಳಿಂದ ಮನೆಯ ಮಂಚ, ಮೇಜು, ದೇವರ ಮಂಟಪ ಎಲ್ಲ ಮಾಡಿದ. ಅವನ ಕೈಕೆಲಸದಲ್ಲಿ ಕೂದಲೆಳೆ ವ್ಯತ್ಯಾಸ ಇರುವುದಿಲ್ಲ ಎಂದು ಬೀದಿಗೆಲ್ಲ ಗೊತ್ತಿತ್ತು.

ಐದಾರು ವರ್ಷದ ಹಿಂದೆ ಸಂಧ್ಯಾಳಿಗೆ ಥೈರಾಯ್ಡ್ ಗಂಟಿನ ಆಪರೇಷನ್ ಆಯಿತು. ಆಪರೇಷನ್ ಚೆನ್ನಾಗಿಯೇ ಆಯಿತು. ದನಿ ಬದಲಾಗಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು, ಹಾಗೇ ಆಯಿತು. ತೆಳ್ಳನೆಯ ದನಿ ಇಳಿದು ದಪ್ಪವಾಯಿತು, ಅಂಚಿನಲ್ಲಿ ಸ್ವಲ್ಪ ಒರಟು. ಮಾತಿಗೆ ತೊಂದರೆ ಇರಲಿಲ್ಲ. ಆದರೆ ಅವಳು ಹಾಡುವುದನ್ನು ಪೂರ್ತಿ ನಿಲ್ಲಿಸಿದಳು. ಗೌರಿಹಬ್ಬದ ಆರತಿಗೂ ಬಾಯಿ ತೆರೆಯಲಿಲ್ಲ. "ಬೇರೆ ಯಾರೋ ನನ್ ಬಾಯಲ್ಲಿ ಹಾಡ್ದಂಗಿರುತ್ತೆ ಅಣ್ಣ," ಎಂದು ನನ್ನ ಹತ್ತಿರ ಒಮ್ಮೆ ಹೇಳಿದ್ದಳು. ಯೋಗರಾಜ ಗೇಟಿನ ಹತ್ತಿರ ನಿಲ್ಲುವುದು ಮಾತ್ರ ತಪ್ಪಲಿಲ್ಲ. ತರಕಾರಿ ಚೀಲ ಹಿಡಿದು ಒಂದು ನಿಮಿಷ ನಿಲ್ಲುತ್ತಿದ್ದ, ಕೇಳಲು ಏನೂ ಇರುತ್ತಿರಲಿಲ್ಲ, ಒಳಗೆ ಬರುತ್ತಿದ್ದ.

ಕಳೆದ ವರ್ಷ ಶ್ರಾವಣದಲ್ಲಿ ಅವನು ಅಟ್ಟದಿಂದ ಗಿಟಾರು ಇಳಿಸಿದ.

"ಮತ್ತೆ ಆರ್ಕೆಸ್ಟ್ರಾನಾ?" ಎಂದು ಕೇಳಿದೆ.

"ಒಬ್ಳೇ ಗಾಯಕಿ, ಒಬ್ನೇ ಪ್ರೇಕ್ಷಕ. ನೀವು ಬಂದ್ರೆ ಇಬ್ರು," ಎಂದ. ಆಮೇಲೆ ದನಿ ತಗ್ಗಿಸಿ, "ಅವ್ಳ ಗಂಟ್ಲು ಎಲ್ಲಿಗ್ ಇಳಿದಿದ್ಯೋ ಅಲ್ಲಿಗೇ ತಂತಿ ಇಳಿಸ್ತೀನಿ ಮೇಷ್ಟ್ರೇ. ಅವ್ಳು ಯಾಕ್ ಹತ್ತಿ ಬರ್ಬೇಕು? ನಾವೇ ಇಳ್ದು ಹೋಗೋಣ" ಎಂದ.

ಗಿಟಾರಿನ ಸ್ಥಿತಿ ಕೆಟ್ಟಿತ್ತು. ತಂತಿ ತುಕ್ಕು ಹಿಡಿದು ಉದುರಿದ್ದವು. ಕತ್ತಿನ ಮೇಲಿನ ಪಟ್ಟಿಯನ್ನು, ಎಂದರೆ ವೀಣೆಯ ಮೆಟ್ಟುಗಳ ಹಾಗೆ ಅಡ್ಡಪಟ್ಟಿ ಕೂರಿಸಿದ ಹಲಗೆಯನ್ನು, ಹುಳು ತಿಂದಿತ್ತು. ಶಬ್ದ ಹಿಡಿಯುವ ಸುರುಳಿಗಳಲ್ಲಿ ಒಂದು ಸತ್ತಿತ್ತು. ಅದನ್ನು ಪಂಪ್‌ಸೆಟ್ ಮೋಟಾರು ಸುತ್ತುವ ಗಣೇಶನ ಅಂಗಡಿಗೆ ಒಯ್ದ. ಗಣೇಶ ಅದನ್ನು ಅಂಗೈ ಮೇಲಿಟ್ಟು ನೋಡಿ, "ಇದ್ಯಾವ್ ಪಂಪು ಯೋಗಣ್ಣ? ಇರುವೆ ತೋಟಕ್ಕೆ ನೀರ್ ಬಿಡೋದಾ?" ಎಂದನಂತೆ. ಆದರೂ ಕೂದಲಿನಂಥ ತಾಮ್ರದ ತಂತಿ ತರಿಸಿ, ಬೈಯುತ್ತಲೇ ಸುತ್ತಿಕೊಟ್ಟ.

ಕತ್ತಿನ ಪಟ್ಟಿಯನ್ನು ಯೋಗರಾಜ ಹೊಸದಾಗಿ ಮಾಡಿದ, ಮುರಿದ ಕುರ್ಚಿಯ ಬೀಟೆಮರದಿಂದ. ಆ ಗಿಟಾರಿನ ತಂತಿಯ ಉದ್ದ ಇಪ್ಪತ್ತೈದೂವರೆ ಇಂಚು ಎಂಬುದು ಅವನಿಗೆ ಆರ್ಕೆಸ್ಟ್ರಾ ಕಾಲದಿಂದ ಬಾಯಿಪಾಠ. ಅಷ್ಟು ಉದ್ದಕ್ಕೆ ಯಾವ ಮೆಟ್ಟು ಎಲ್ಲಿ ಬರಬೇಕು ಎಂಬ ಅಳತೆ ನನ್ನ ಮೊಬೈಲಿನಲ್ಲಿ ಸಿಕ್ಕಿತು. ನಾನು ಓದುತ್ತ ಹೋದೆ, ಅವನು ಸ್ಕೇಲಿಟ್ಟು ಚೂಪು ಚೂರಿಯಿಂದ ಗೀರುತ್ತ ಹೋದ. ಉಸಿರು ಬಿಗಿಹಿಡಿದು ಗೀರುವುದು, ಗೀರಿದ ಮೇಲೆ ಬಿಡುವುದು. ತಂತಿಗಳ ಇನ್ನೊಂದು ತುದಿ ಕೂರುವ ಬ್ರಿಡ್ಜು ಗಟ್ಟಿಯಾಗಿತ್ತು. ಅದನ್ನು ಇದ್ದ ಜಾಗದಿಂದ ಕದಲಿಸಲಿಲ್ಲ.

ಬಣ್ಣ ಹೊಡೆಯುವುದಿಲ್ಲವೇ ಎಂದು ಕೇಳಿದ್ದಕ್ಕೆ ಸವೆದ ಜಾಗದ ಮೇಲೆ ಮೊಣಕೈ ಇಟ್ಟು ತೋರಿಸಿದ. "ಇಲ್ಲಿಗೆ ಬಣ್ಣ ಬಳಿದ್ರೆ ನಾನ್ ಎಲ್ ಕೂರ್ಲಿ?"

ಆಯುಧಪೂಜೆಗೆ ಗಿಟಾರು ಸಿದ್ಧವಾಯಿತು. ಉಳಿ, ಹತ್ತರಿ, ಸ್ಕೇಲಿನ ಜೊತೆ ಅದನ್ನೂ ಇಟ್ಟು ಚೆಂಡುಹೂವು ಏರಿಸಿದರು. ಪೂಜೆಗಿಟ್ಟ ಹತಾರವನ್ನು ಆ ದಿನ ಮುಟ್ಟುವಂತಿಲ್ಲ. ವಿಜಯದಶಮಿಯ ಬೆಳಗ್ಗೆ ಕಾಫಿಯಾದ ಮೇಲೆ ಯೋಗರಾಜ ಗಿಟಾರು ತೆಗೆದ. ದಪ್ಪ ತಂತಿ ಹಾಕಿ ಶ್ರುತಿಯನ್ನು ಸಾಕಷ್ಟು ಇಳಿಸಿದ್ದ. ಮೆಟ್ಟು ಒತ್ತದೆ ಬಿಡಿ ತಂತಿಗಳನ್ನು ಹಾರ್ಮೋನಿಯಮ್ಮಿಗೆ ಸೇರಿಸಿ ನೋಡಿದ, ಸರಿಯಾಗಿದ್ದವು.

ಸಂಧ್ಯಾ ಒಲ್ಲೆ ಎಂದಳು. ಸೆರಗಿಗೆ ಕೈ ಒರೆಸಿಕೊಂಡಳು. ನಾಗಂದಿಗೆಯ ಡಬ್ಬಿಗಳನ್ನು ಸುಮ್ಮನೆ ಸರಿಸಿದಳು. ಕೊನೆಗೆ ಬಾಗಿಲ ಹತ್ತಿರ ನಿಂತು, ಮದುವೆಯಲ್ಲಿ ಹಾಡಿದ್ದ ಹಾಡನ್ನೇ ಎತ್ತಿಕೊಂಡಳು.

ಮೊದಲ ಸಾಲುಗಳು ಬಂದವು. ದಪ್ಪನೆಯ, ಒಂಚೂರು ಒರಟಾದ, ಹೊಸ ದನಿ. ಯೋಗರಾಜ ತಲೆ ಬಗ್ಗಿಸಿಕೊಂಡಿದ್ದ, ಕಣ್ಣೆತ್ತಿ ನೋಡಿದರೆ ಅವಳು ನಿಲ್ಲಿಸಿಬಿಟ್ಟಾಳು ಎಂಬಂತೆ. ಚರಣಕ್ಕೆ ಬಂದಾಗ ಅವನ ಬೆರಳು ಕತ್ತಿನ ಮೇಲ್ಭಾಗದಿಂದ ಗಿಟಾರಿನ ಹೊಟ್ಟೆಯ ಕಡೆಗೆ ಸರಿದವು, ಹಾಡಿನ ಜೊತೆಗೇ ಹೋಗುವ ಆ ಸಣ್ಣ ರಾಗಕ್ಕೆ. ಅಲ್ಲಿ ಏನೋ ಒಡೆಯಿತು. ಗಿಟಾರಿಗಿಂತ ಅವಳ ದನಿ ಒಂದು ಎಳೆ ಕೆಳಗೆ ನಿಂತಂತೆ ಕೇಳಿತು. ಅವಳು ಏರಿಸಲು ನೋಡಿದಳು, ಗಂಟಲು ಕಟ್ಟಿತು, ನಿಲ್ಲಿಸಿದಳು.

"ಇಳ್ದ್ ಹೋಗ್ತಿದೆ ನೋಡಿ. ನಾನ್ ಹೇಳ್ಲಿಲ್ವಾ."

"ನಿಂದಲ್ಲ ಕಣೆ," ಎಂದ ಯೋಗರಾಜ. "ಗಿಟಾರ್ದು."

"ಸುಮ್ನಿರ್ರಿ."

"ದೇವ್ರಾಣೆಗೂ ಗಿಟಾರ್ದು. ನೀನ್ ಸರಿಯಾಗೇ ಇದ್ದೆ."

"ನಿಮ್ ಕೆಲ್ಸ ಯಾವತ್ ತಪ್ಪಿದೆ? ನನ್ ಸಮಾಧಾನಕ್ಕೆ ಅದ್ಯಾಕೆ ಹೊಲಸು ಅಂತೀರ?" ಎಂದು ಅವಳು ಒಳಗೆ ಹೋದಳು. ಒಗ್ಗರಣೆಯ ಸದ್ದು ಕೇಳಿಸಿತು.

ನನಗೂ ಅವಳ ಮಾತೇ ಸರಿ ಅನಿಸಿತ್ತು. ಯೋಗರಾಜ ಸ್ಕೇಲು ತೆಗೆದುಕೊಂಡು ಪ್ರತಿ ಮೆಟ್ಟನ್ನೂ ಮತ್ತೆ ಅಳೆದ. ಎಲ್ಲವೂ ಹೇಳಿದ ಅಳತೆಗೆ ಸರಿಯಾಗಿಯೇ ಇದ್ದವು. ಸ್ಕೇಲನ್ನು ತೊಡೆಯ ಮೇಲಿಟ್ಟುಕೊಂಡ.

"ನನ್ ಕಿವಿ ಮಂದ, ಒಪ್ತೀನಿ," ಎಂದ. "ಆದ್ರೆ ಅವ್ಳ ಸ್ವರ ನಂಗ್ ಗೊತ್ತಿಲ್ವಾ ಮೇಷ್ಟ್ರೇ?"

ಆಮೇಲೆ ಅವನು ಹೆಚ್ಚು ದಿನ ಇರಲಿಲ್ಲ. ಕಾರ್ತಿಕದ ಒಂದು ಬೆಳಗ್ಗೆ ಹಾಲು ತರಲು ಹೋದವನು ವಾಪಸು ಬಂದು ಗೇಟಿನ ಹತ್ತಿರ ಎಂದಿನಂತೆ ನಿಂತನಂತೆ. ಅಲ್ಲೇ ಕುಸಿದ. ಹೃದಯಾಘಾತ. ಸಂಧ್ಯಾ ಒಳಗೆ ಮಿಕ್ಸಿ ಹಾಕಿದ್ದಳು, ಅವಳಿಗೆ ಕೇಳಿಸಲಿಲ್ಲ. ಎದುರು ಮನೆಯ ತುಂಗಮ್ಮ ಕೂಗಿಕೊಂಡು ಓಡಿ ಬಂದರು. ನಾನು ಶಿವಮೊಗ್ಗದಿಂದ ತಲುಪುವಾಗ ಅವನನ್ನು ಹಜಾರದಲ್ಲಿ ಮಲಗಿಸಿದ್ದರು. ಹಾಲಿನ ಪ್ಯಾಕೆಟ್ಟು ಇನ್ನೂ ಗೇಟಿನ ಪಕ್ಕದ ಕಟ್ಟೆಯ ಮೇಲೆ ಇತ್ತು. ಅದನ್ನು ತೆಗೆದು ಒಳಗಿಡಬೇಕು ಎಂದು ಯಾರಿಗೂ ಹೊಳೆದಿರಲಿಲ್ಲ. ನನಗೂ ಕೈ ಬರಲಿಲ್ಲ.

ಮಗಳು ದಾವಣಗೆರೆಯಿಂದ ಬಂದು ಕಾರ್ಯ ಮುಗಿಯುವವರೆಗೂ ಇದ್ದು ಹೋದಳು. ಅವಳು ಹೋದ ವಾರ ಸಂಧ್ಯಾ ನನಗೆ ಫೋನು ಮಾಡಿದಳು.

"ಅಣ್ಣ, ಆ ಗಿಟಾರ್ ತಗೊಂಡ್ಹೋಗಿ. ಯಾರಿಗಾದ್ರೂ ಕೊಡಿ. ಅದನ್ನ ನೋಡ್ದಾಗೆಲ್ಲ ಅವ್ರು ನನಗೋಸ್ಕರ ಸುಳ್ ಹೇಳಿದ್ದೇ ನೆನಪಾಗುತ್ತೆ. ಅಷ್ಟ್ ಕಷ್ಟಪಟ್ಟು ಮಾಡಿದ್ರು. ನನ್ ಗಂಟ್ಲು ಅದನ್ ಹಾಳ್ಮಾಡ್ತು. ಕೊನೇಗೆ ತಮ್ ಕೆಲ್ಸಾನೇ ಕೆಟ್ಟದ್ದು ಅನ್ನೋ ಹಂಗಾಯ್ತು."

ಮರುದಿನ ಭದ್ರಾವತಿಗೆ ಹೋದೆ. ಅವಳು ಮಂಚದ ಸಂದಿನಿಂದ ಬೆಡ್‌ಶೀಟು ಎಳೆದು, ಗಿಟಾರಿಗೆ ಸುತ್ತಿ ಕೊಟ್ಟಳು. ಶಿವಮೊಗ್ಗದ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದೆ. ಕಂಡಕ್ಟರು ಬಗ್ಗಿ ನೋಡಿ, "ಮಗು ಮಲ್ಗಿದ್ಯಾ ಸಾರ್, ಮಲ್ಗ್ಲಿ. ಅದಕ್ ಟಿಕೆಟ್ ಬೇಡ," ಎಂದ. ಬೇರೆ ದಿನವಾಗಿದ್ದರೆ ಇದನ್ನು ಯೋಗರಾಜನಿಗೆ ಹೇಳಲು ಫೋನು ತೆಗೆಯುತ್ತಿದ್ದೆ. ಅಂದೂ ಜೇಬಿಗೆ ಕೈ ಹೋಯಿತು.

ಹೊಸಮನೆಯಲ್ಲಿ ನಮ್ಮ ಹಿಂದಿನ ಬೀದಿಯಲ್ಲಿ ಮೇಧಾ ಎಂಬುವವರು ಗಿಟಾರು ಕಲಿಸುತ್ತಾರೆ. ಕಲಿಯುವ ಯಾರಿಗಾದರೂ ಉಪಯೋಗವಾಗಲಿ ಎಂದು ಅವರಲ್ಲಿಗೆ ಒಯ್ದೆ. ಮೇಧಾ ಕೆಲಸ ನೋಡಿ ಬೆರಗಾದರು. ಮೆಟ್ಟುಗಳ ಅಂಚನ್ನು ಬೆರಳಿನಿಂದ ಸವರಿ, "ಎಲ್ಲೂ ಚುಚ್ಚಲ್ಲ, ಬೆಣ್ಣೆ ಹಾಗಿದೆ" ಎಂದರು. ಆಮೇಲೆ ಶ್ರುತಿ ತೋರಿಸುವ ಸಣ್ಣ ಯಂತ್ರವನ್ನು ಗಿಟಾರಿನ ತಲೆಗೆ ಸಿಕ್ಕಿಸಿ ಬಾರಿಸಿದರು. ಬಿಡಿ ತಂತಿಗೆ ಹಸಿರು ದೀಪ. ಬೆರಳು ಕತ್ತಿನ ಮೇಲೆ ಮುಂದೆ ಮುಂದೆ ಬಂದಂತೆ ಮುಳ್ಳು ಬಲಕ್ಕೆ ವಾಲುತ್ತ ಹೋಯಿತು.

"ಸಾರ್, ಇದು ಬರ್ತಾ ಬರ್ತಾ ಸ್ವರ ಏರಿಸ್ತಿದೆ. ಇದ್ರ ಜೊತೆ ಯಾರಾದ್ರೂ ಸರಿಯಾಗಿ ಹಾಡಿದ್ರೆ ಅವ್ರೇ ಇಳಿದ ಹಾಗೆ ಕೇಳುತ್ತೆ."

ನಾನು ಕುರ್ಚಿಯ ತುದಿಗೆ ಬಂದಿದ್ದೆ. "ಇನ್ನೊಂದು ಸಲ ಹೇಳಿ" ಎಂದೆ.

ಅವರು ಇನ್ನೊಂದು ಸಲ ಹೇಳಿದರು. ಟೇಪು ತಂದು ಅಳೆದರು. "ವಿಚಿತ್ರ. ಒಂದೊಂದು ಮೆಟ್ಟೂ ತಪ್ಪು ಜಾಗದಲ್ಲಿದೆ, ಆದ್ರೆ ಎಲ್ಲಾ ಒಂದೇ ಲೆಕ್ಕದಲ್ಲಿ ತಪ್ಪು. ಅವ್ರು ಅಳೆದ ಇಂಚೇ ಸ್ವಲ್ಪ ದೊಡ್ಡದಿದ್ದ ಹಾಗೆ."

ಪಕ್ಕದಲ್ಲಿ ಬಿದ್ದಿದ್ದ ಬೆಡ್‌ಶೀಟನ್ನು ನೋಡಿದೆ. ಮೂರು ಅಂಗಡಿಯವರೂ ಕಳ್ಳರಾಗಿರಲಿಲ್ಲ.

ಮೇಧಾ ಮರುದಿನವೇ ನನ್ನ ಜೊತೆ ಭದ್ರಾವತಿಗೆ ಬಂದರು. ಸಂಧ್ಯಾ ಬಾಗಿಲು ತೆರೆದು, ಗಿಟಾರು ನೋಡಿ, ಮುಖ ಗಂಟು ಹಾಕಿಕೊಂಡಳು. "ಅಣ್ಣ, ಬೇಡ ಅಂದಿದ್ನಲ್ಲ."

"ಅವನ ಸ್ಕೇಲು ಕೊಡಮ್ಮ ಮೊದಲು."

ಹತಾರದ ಪೆಟ್ಟಿಗೆಯನ್ನು ಹಬ್ಬದಿಂದ ಈಚೆಗೆ ಯಾರೂ ತೆರೆದಿರಲಿಲ್ಲ. ಸ್ಕೇಲನ್ನು ಮೇಜಿನ ಮೇಲಿಟ್ಟು ಪಕ್ಕದಲ್ಲಿ ಟೇಪು ಬಿಡಿಸಿದೆ. ಒಂದು ತುದಿ ಸೇರಿಸಿದರೆ ಇನ್ನೊಂದು ತುದಿ ಸೇರಲಿಲ್ಲ. ಸ್ಕೇಲಿನ ಇಂಚುಗಳು ಮುಂದೆ ಹೋಗಿದ್ದವು. ಪೂಜೆಯ ದಿನ ಹಚ್ಚಿದ ಕುಂಕುಮ ಉಕ್ಕಿನ ಮೇಲಿಂದ ಉದುರಿತ್ತು, ಮೂಲೆಯಲ್ಲಿ ಮಾತ್ರ ಉಳಿದಿತ್ತು. ಸವೆದ ಅಕ್ಷರಗಳ ಗೀರಿನೊಳಗೆ ಕೂತು ಅವನ್ನು ಕೆಂಪಗೆ ತೋರಿಸುತ್ತಿತ್ತು: ಎರಕದ ಕಬ್ಬಿಣ, ಅಡಿಗೆ ಎಂಟನೇ ಒಂದು ಇಂಚು.

ಬಲಗಡೆ ಮೊಳೆಯದು. ಬೀಳ್ಕೊಡುಗೆಯ ದಿನ ಗೆಳೆಯರು ಪ್ರೀತಿಯಿಂದ ಪೆಟ್ಟಿಗೆ ತುಂಬುವಾಗ ಇದು ಬಂದಿತ್ತು, ಎಡಗಡೆಯದು ಅಲ್ಲೇ ಉಳಿದಿತ್ತು. ಮೊಳೆ ಇಲ್ಲದ ಮನೆಯಲ್ಲಿ ಅವನು ಗುರುತು ಹಿಡಿಯುವುದಾದರೂ ಹೇಗೆ? ಮನೆಯಲ್ಲಿ ಅವನು ಮಾಡಿದ್ದೆಲ್ಲ ಈ ಒಂದೇ ಸ್ಕೇಲಿನದು, ಒಂದಕ್ಕೊಂದು ಸರಿಯಾಗಿಯೇ ಕೂತಿತ್ತು. ಹೊರಗಿನಿಂದ ಬಂದ ಹಾಸಿಗೆ ಕೂರಲಿಲ್ಲ. ಕದಲಿಸದೆ ಬಿಟ್ಟ ಆ ಬ್ರಿಡ್ಜು ಹೊಂದಲಿಲ್ಲ.

ಇದನ್ನೆಲ್ಲ ನಾನು ಸಂಧ್ಯಾಳಿಗೆ ಹೇಳಿದೆ. ಮೊಳೆಗಳ ವಿಷಯ ಅವಳಿಗೂ ಗೊತ್ತಿತ್ತು. ಸ್ಕೇಲಿನ ಮೂಲೆಯನ್ನು ಬೆರಳಿನಿಂದ ಮುಟ್ಟಿದಳು, ಕುಂಕುಮ ಅಳಿಸದ ಹಾಗೆ.

"ಅಂದ್ರೆ ನಾನು ಇಳೀಲಿಲ್ಲ."

"ಇಲ್ಲಮ್ಮ, ಗಿಟಾರೇ ಏರಿತ್ತು," ಎಂದರು ಮೇಧಾ.

"ಅವ್ರು ಸಮಾಧಾನಕ್ ಹೇಳಿದ್ದಲ್ಲ."

"ಅಲ್ಲ," ಎಂದೆ. "ಇದ್ದದ್ದನ್ನೇ ಹೇಳಿದ್ದ."

ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. ಅಳುತ್ತಾಳೆ ಎಂದುಕೊಂಡೆ, ಅತ್ತಳು ಕೂಡ. ನಡುವೆ ನಗುವೂ ಬಂತು. "ಮಂಚ ನೋಡೇ ಗೊತ್ತಾಗ್ಬೇಕಿತ್ತಲ್ರೀ ನಿಮ್ಗೆ," ಎಂದು ಗೇಟಿನ ಕಡೆ ನೋಡಿ ಬೈದಳು. "ಹಾಸಿಗೆ ಅಂಗ್ಡಿಯವ್ರಿಗೆ ಎಷ್ಟ್ ಶಾಪ ಹಾಕಿದ್ರಿ!"

ಮೆಟ್ಟುಗಳನ್ನು ಕಿತ್ತು ಹೊಸದಾಗಿ ಕೂರಿಸಬೇಕೇ ಎಂದು ನಾನು ಮೇಧಾರನ್ನು ಕೇಳಿದೆ. ಬೇಡ, ಬ್ರಿಡ್ಜನ್ನು ಕಾಲು ಇಂಚು ಹಿಂದಕ್ಕೆ ಸರಿಸಿದರೆ ಸಾಕು ಎಂದರು. ಅಳೆಯಲು ಟೇಪು ಎತ್ತಿಕೊಂಡಾಗ ಸಂಧ್ಯಾ ತಡೆದಳು.

"ಅದ್ ಬೇಡಮ್ಮ. ಇವ್ರ ಸ್ಕೇಲಲ್ಲೇ ಅಳೀರಿ. ಇಪ್ಪತ್ತೈದೂವರೆ."

ಅವನ ಇಪ್ಪತ್ತೈದೂವರೆಗೆ ಬ್ರಿಡ್ಜು ಕೂತಿತು. ಹಳೆಯ ತಿರುಪಿನ ತೂತುಗಳು ಮುಂದೆ ಹಾಗೇ ಉಳಿದವು. ಮೇಧಾ ತಂತಿ ಬಿಗಿಸಿ ಸಂಧ್ಯಾಳ ಗಂಟಲಿಗೆ ತಕ್ಕ ಶ್ರುತಿ ಹಿಡಿದರು. ಅವಳು ಅದೇ ಬಾಗಿಲ ಹತ್ತಿರ ನಿಂತಳು. ಡಬ್ಬಿ ಸರಿಸಲಿಲ್ಲ. ಎತ್ತಿಕೊಂಡದ್ದು ಅದೇ ಹಾಡು.

ಚರಣ ಬರುವಾಗ ನಾನು ನೆಲ ನೋಡುತ್ತ ಕೂತಿದ್ದೆ. ದನಿ ದಪ್ಪಗೆ, ಸ್ವಲ್ಪ ಒರಟಾಗಿ ಮೇಲೆ ಹೋಯಿತು, ತಂತಿಯ ಜೊತೆಗೇ ಹೋಯಿತು, ಅಲ್ಲೇ ನಿಂತಿತು. ಹಾಡು ಮುಗಿಸಿ ಸಂಧ್ಯಾ ಹೋಗಿ ಮುಂಬಾಗಿಲನ್ನು ಪೂರ್ತಿ ತೆರೆದು, ಗೋಡೆಗೆ ಒರಗಿಸಿ ಬಂದಳು. ಅಲ್ಲಿಂದ ಗೇಟು ನೇರ ಕಾಣುತ್ತದೆ.

"ಇನ್ನೊಂದ್ಸಲ ಬಾರ್ಸಮ್ಮ," ಎಂದಳು. "ಮೊದ್ಲಿಂದ."